ಉಪ್ಪಲ್ಲಿನ ತಾಮ್ರದ ಗುಮ್ಮಟ

ಬಿಜಾಪುರದ ಬಾದಶಹನಿಗೆ ಗುಮ್ಮಟ ಕಟ್ಟಿ ಮುಗಿಸಲು ಒಂದು ಆಯುಷ್ಯವೇ ಹಿಡಿಯಿತಂತೆ. ನನಗೆ ಹಿಡಿದದ್ದು ಎಲೆ ಅಡಿಕೆ ಅಗಿದು ಉಗುಳುವಷ್ಟು ಹೊತ್ತು. ಅವನದು ಬರೀ ಗಾರೆ ಕಲ್ಲಿನದು, ನನ್ನದು ಅಪ್ಪಟ ತಾಮ್ರದ್ದು, ಸುತ್ತ ಆರ್‌ಸಿಸಿ ಬೇರೆ. ವಿಮಾನದಲ್ಲಿ ಹೈದರಾಬಾದಿಗೆ ಬರುವವರು ಬೇಗಂಪೇಟೆಯಲ್ಲಿ ಇಳಿಯುವ ಮುಂಚೆ ಉಪ್ಪಲ್ ಕಡೆಯಿಂದ ಬಂದ ಹೊಳಪಿಗೆ ಕಣ್ಣು ಕುಕ್ಕಿ ಕಿಟಕಿ ಪರದೆ ಎಳೆದುಕೊಳ್ಳುತ್ತಿದ್ದರು. ಒಬ್ಬ ಪೈಲಟ್ ಅಂತೂ ಚಾರ್ಮಿನಾರ್ ಬಿಟ್ಟು ನನ್ನ ಗುಮ್ಮಟವನ್ನೇ ಗುರುತಿಗೆ ಇಟ್ಟುಕೊಂಡಿದ್ದನಂತೆ. ಹಾಗಂತ ಯಾರು ಹೇಳಿದರು ಎಂದು ಕೇಳಬೇಡಿ. ನಾನೇ ಹೇಳಿದ್ದು.

ನನ್ನ ಹೆಸರು ಪ್ರಾಣೇಶ. ಊರು ರಾಯಚೂರು, ಅನ್ನ ಹೈದರಾಬಾದಿನದು. ಬೇಗಂಪೇಟೆಯ ಒಂದು ಸರಕಾರಿ ಇಂಜಿನಿಯರಿಂಗ್ ಆಫೀಸಿನಲ್ಲಿ ನಾನಿಲ್ಲದೆ ಯಾವ ಇಂಜಿನಿಯರನೂ ಒಂದು ಗೆರೆ ಎಳೆದವನಲ್ಲ. ಯಾಕೆಂದರೆ ಪೆನ್ಸಿಲ್ಲು, ರಬ್ಬರು, ನಕ್ಷೆ ಹಾಳೆ ಇಡುವ ಕಪಾಟಿನ ಕೀಲಿಕೈ ನನ್ನ ಹತ್ತಿರ ಇತ್ತು. ಆ ಕಪಾಟಿಗೆ ಬೆನ್ನು ಆನಿಸಿ ಕೂತು ಕೂತೇ ನಾನು ಆರ್‌ಸಿಸಿ ಕಲಿತೆ. ಕೆಲವರು ಕಾಲೇಜಿನಲ್ಲಿ ಕಲಿಯುತ್ತಾರೆ, ನಾನು ಬೆನ್ನಿನಿಂದ ಕಲಿತೆ.

ಮದುವೆ, ಮುಂಜಿ, ವೈಕುಂಠ ಸಮಾರಾಧನೆ, ಯಾವ ಪಂಕ್ತಿಯಲ್ಲಿ ಕೂತರೂ ಪಕ್ಕದವರಿಗೆ ನನ್ನ ಪಾಠ ತಪ್ಪುತ್ತಿರಲಿಲ್ಲ. "ನೋಡ್ರಿ, ಕಾಂಕ್ರೀಟು ಭಾರ ಹೊರೂದರಾಗ ಭೀಮ. ಆದರ ಜಗ್ಗಿದರ, ಬಗ್ಗಿಸಿದರ ಹಪ್ಪಳ ಇದ್ದಂಗ, ಟಪ್ ಅಂತ ಮುರೀತದ. ಕಬ್ಬಿಣದ ಸಳಿ ಜಗ್ಗಾಟಕ್ಕ ಬಗ್ಗೂದಿಲ್ಲ. ಎರಡನ್ನೂ ಕೂಡಿಸಿ ಹಾಕಿದಿರೆಂದರ ಒಂದನ್ನೊಂದು ಅಪ್ಪಿ ಹಿಡಕೋತಾವ. ಒಮ್ಮೆ ಹಿಡದರ ಬಿಡೂ ಮಾತಿಲ್ಲ. ಅದಕ್ಕ ಅನ್ನೂದು ಆರ್‌ಸಿಸಿ." ಸಾರು ಬಡಿಸುವವನು ಮುಂದಿನ ಎಲೆಗೆ ಹೋಗಿಬಿಡುತ್ತಿದ್ದ. ನನ್ನ ಅನ್ನ ಒಣಗಿ ಅದೂ ಕಾಂಕ್ರೀಟಾಗುತ್ತಿತ್ತು.

ನನ್ನ ಅತ್ತೆ ಯಮುನಾಬಾಯಿಯವರು ಮಾತ್ರ ನನ್ನನ್ನು ಇಂಜಿನಿಯರ್ ಅಂತಲೇ ತಿಳಿದಿದ್ದರು. ಹಾಗೆಂದು ನಾನು ಯಾವತ್ತೂ ಹೇಳಿರಲಿಲ್ಲ. ಅಲ್ಲ ಅಂತಲೂ ಹೇಳಿರಲಿಲ್ಲ. ಕನ್ಯಾ ನೋಡಲು ಹೋದಾಗ ನಮ್ಮ ಸೋದರಮಾವ "ಹುಡುಗ ಇಂಜಿನಿಯರಿಂಗ್ ಆಫೀಸಿನಾಗ ಇದ್ದಾನ" ಅಂದರು. ಅತ್ತೆ ನನ್ನ ತಟ್ಟೆಗೆ ಇನ್ನೊಂದು ಸೌಟು ಅವಲಕ್ಕಿ ಹಾಕಿದರು. ಬೇಡ ಅನ್ನುವುದು ಹೇಗೆ? ಹೆಂಡತಿ ಮಂದಾಕಿನಿಗೆ ಮದುವೆಯಾದ ವಾರಕ್ಕೇ ನಿಜ ಗೊತ್ತಾಯಿತು. "ನಮ್ಮವ್ವಗ ನಾ ಹೇಳೂದಿಲ್ಲ. ನೀವು ಹೇಳೂತನಕಾ ಕಾಯ್ತೀನಿ" ಅಂದಳು. ಕಾಯುತ್ತಲೇ ಇದ್ದಳು.

ಉಪ್ಪಲ್ಲಿನಲ್ಲಿ ಪ್ಲಾಟು ಸಿಕ್ಕಿದ್ದು, ಮಂದಾಕಿನಿ ಬಸುರಾದದ್ದು, ಎರಡೂ ಒಂದೇ ಸಲಕ್ಕೆ ಆಯಿತು. ಆಗ ಆ ಲೇಔಟಿನಲ್ಲಿ ಮನೆಗಳಿಗಿಂತ ಗುಂಡುಗಲ್ಲುಗಳೇ ಹೆಚ್ಚು. ಮನೆಗೆ ಪಾಯಾ ಹಾಕಿದ ಸುದ್ದಿ ತಿಳಿದು ಅತ್ತೆ ರಾಯಚೂರಿನಿಂದ ಬಂದು ಪ್ಲಾಟಿನ ನಡುವೆ ನಿಂತರು.

"ಅಳಿಯಂದ್ರ, ಬಾಣಂತನಕ್ಕ ನಾನ ಇಲ್ಲೆ ಬರ್ತೀನಿ, ದವಾಖಾನಿ ಇಲ್ಲೇ ಚಲೋ ಅದ. ಆದರ ಅಡಿಗಿಮನಿಗೆ ಬೆಳಕಿಂಡಿ ಬೇಕು. ಒಲಿ ಮ್ಯಾಲೆ ಆಕಾಶ ಕಾಣಬೇಕು. ಕತ್ತಲ್ಯಾಗ ನಾ ಒಲಿ ಹಚ್ಚೂದಿಲ್ಲ."

ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಒಲೆಯ ನೆತ್ತಿಗೆ ಸರಿಯಾಗಿ ಒಂದು ದುಂಡನೆಯ ತೂತು ಇರುತ್ತದೆ. ಅದೇ ಬೆಳಕಿಂಡಿ. ಹಗಲು ಬೆಳಕು ಇಳಿಯುತ್ತದೆ, ಹೊಗೆ ಏರುತ್ತದೆ, ಮಳೆ ಬಂದರೆ ಮೇಲೆ ಹೋಗಿ ಒಂದು ಮುಚ್ಚಳ ಮುಚ್ಚಿದರಾಯಿತು. ಉಪ್ಪಲ್ಲಿನಲ್ಲಿ ಸ್ಲ್ಯಾಬಿನ ಮನೆಗೆ ಅಂಥದ್ದನ್ನು ಯಾರೂ ಬಿಡುವುದಿಲ್ಲ.

"ಒಂದ್ಯಾಕ, ನಾಕು ಬಿಡಸ್ತೀನಿ ಅತ್ಯಾರ. ಆರ್‌ಸಿಸಿ ಅಂದರ ನನ್ನ ಎಡಗೈ ಕೆಲಸ" ಅಂದೆ.

"ಒಂದು ಸಾಕು. ಬಲಗೈಲೆ ಮಾಡ್ರಿ" ಅಂದರು.

ಊರಿಗೆ ಹೋದ ಮೇಲೆ ಅತ್ತೆ ಮುಂಗಡವಾಗಿ ತಮ್ಮ ತಾಮ್ರದ ಹಂಡೆ ಕಳಿಸಿದರು. ಅದು ಬರೀ ಹಂಡೆಯಲ್ಲ, ಮನೆತನ. ಅತ್ತೆಯವರ ಅವ್ವ ಗೋದಾವರಿಬಾಯಿಯವರು ತಂದದ್ದು. ಅತ್ತೆ ಹುಟ್ಟಿದಾಗ ಅವರ ಮೈಗೆ ಬಿದ್ದ ಮೊದಲ ಬಿಸಿನೀರು ಇದರದು, ಮಂದಾಕಿನಿಯ ಮೈಗೆ ಬಿದ್ದದ್ದೂ ಇದರದೇ. ತೊಟ್ಟಿಲಿಗೆ ಹಾಕುವ ದಿನ ಕೂಸಿಗೆ ಎರೆಯುವ ನೀರು ಇದರಲ್ಲೇ ಕಾಯಬೇಕು, ಬೇರೆ ಪಾತ್ರೆ ನಡೆಯುವುದಿಲ್ಲ. ದೊಡ್ಡ ಹೊಟ್ಟೆ, ಸಣ್ಣ ಕುತ್ತಿಗೆ, ಹೊರಗೆ ಚಾಚಿದ ಬಾಯಿ. ಥೇಟ್ ನಮ್ಮ ಸೋದರಮಾವನ ಆಕಾರ. ನಮ್ಮ ಬಾಡಿಗೆ ಮನೆಯಲ್ಲಿ ಅದನ್ನು ಇಟ್ಟರೆ ನಾವು ಹೊರಗೆ ನಿಲ್ಲಬೇಕಿತ್ತು. ಅದಕ್ಕೇ ಉಪ್ಪಲ್ಲಿನ ಅರ್ಧ ಕಟ್ಟಿದ ಮನೆಯ ಮೂಲೆಯಲ್ಲಿ ಗೋಣಿಚೀಲ ಹೊದಿಸಿ ಇಟ್ಟೆ.

ಸ್ಲ್ಯಾಬ್ ಹಾಕುವ ದಿನ ಬಂತು. ಬೇರೆಯವರ ಸ್ಲ್ಯಾಬಿಗೆ ಹತ್ತು ಆಳು ಬಂದರೆ ನನ್ನದಕ್ಕೆ ಅರ್ಧ ಮಹಬೂಬನಗರ ಜಿಲ್ಲೆಯೇ ಬಂದಿತ್ತು ಅಂತ ಹೇಳುತ್ತಿರುತ್ತೇನೆ. ಸೆಂಟ್ರಿಂಗ್ ಹಲಗೆಗಳ ಮೇಲೆ ಸಳಿಗಳನ್ನು ಜಾಳಿಗೆಯಂತೆ ಕಟ್ಟಿ, ಒಲೆಯ ನೆತ್ತಿಗೆ ಒಂದು ಚೌಕ ಜಾಗ ಖಾಲಿ ಬಿಟ್ಟಿದ್ದರು. ಆ ಜಾಗಕ್ಕೆ ಒಂದು ಕಟ್ಟಿಗೆಯ ಡಬ್ಬಿ ಇಡಬೇಕು. ಸುತ್ತ ಕಾಂಕ್ರೀಟು ಬಿದ್ದು ಗಟ್ಟಿಯಾದ ಮೇಲೆ ಡಬ್ಬಿ ತೆಗೆದರೆ ತೂತು ಉಳಿಯುತ್ತದೆ. ಡಬ್ಬಿ ಮಾಡಿಸುವ ಜವಾಬ್ದಾರಿ ನನ್ನದು. ನಾನು ಮಾಡಿಸಿರಲಿಲ್ಲ. ಆ ವಾರವೆಲ್ಲ ಪಕ್ಕದ ಪ್ಲಾಟಿನ ಅಮರೇಶಪ್ಪನವರಿಗೆ ಡಬ್ಬಿ ಹೇಗಿರಬೇಕು ಅಂತ ತಿಳಿಸಿ ಹೇಳುವುದರಲ್ಲೇ ಕಳೆದುಹೋಯಿತು. ಅಮರೇಶಪ್ಪನವರು ಸಿಂಧನೂರು ಕಡೆಯವರು, ಬಟ್ಟೆ ವ್ಯಾಪಾರ. ನಾನು ಏನು ಹೇಳಿದರೂ "ಹೌದೇನ್ರಿ ರಾಯರ?" ಅಂತ ಕೇಳುವ ಒಳ್ಳೆಯ ಮನುಷ್ಯ.

ಮಿಕ್ಸರ್ ಗರಗರ ತಿರುಗುತ್ತಿತ್ತು. ಏಣಿಯ ಮೇಲೆ ಹೆಣ್ಣಾಳುಗಳು ಸಾಲಾಗಿ ನಿಂತು ಕಾಂಕ್ರೀಟಿನ ಬುಟ್ಟಿಗಳನ್ನು ಕೈಯಿಂದ ಕೈಗೆ ಏರಿಸುತ್ತಿದ್ದರು. ಮೇಸ್ತ್ರಿ ಯಾದಗಿರಿ ಮೇಲಿನಿಂದ ಕೂಗಿದ.

"ಸಾರ್, ಡಬ್ಬಾ ಯಾಡುಂದಿ?"

ಎಲ್ಲಿದೆ ಡಬ್ಬಿ ಅಂತ. ಕಲಸಿದ ಕಾಂಕ್ರೀಟು ಕಾಯುವುದಿಲ್ಲ. ಇಂಜಿನಿಯರಿಂಗ್ ಆಫೀಸಿನವನು ಮರೆತೆ ಅಂತ ಹೇಳುವುದಾದರೂ ಹೇಗೆ? ನನ್ನ ಕಣ್ಣು ಮೂಲೆಗೆ ಹೋಯಿತು. ಗೋಣಿಚೀಲ ಕಿತ್ತೆಸೆದೆ, ಹಂಡೆಯನ್ನು ಹೆಗಲಿಗೇರಿಸಿ ಏಣಿ ಹತ್ತಿದೆ. ಆ ಚೌಕದ ನಡುವೆ ಅದನ್ನು ಬೋರಲು ಇಟ್ಟೆ. ಬಾಯಿ ಕೆಳಗೆ, ಹೊಟ್ಟೆ ಮೇಲೆ.

ಯಾದಗಿರಿ ಹಂಡೆ ನೋಡಿದ, ನನ್ನನ್ನು ನೋಡಿದ, ಆಮೇಲೆ ಆಕಾಶ ನೋಡಿದ. "ಇದಾ ಸಾರ್?"

"ಇದೇ. ದುಂಡನೆ ಬೆಳಕಿಂಡಿಗೆ ದುಂಡನೆ ಅಚ್ಚು. ನಮ್ಮ ಆಫೀಸಿನಾಗ ಹಿಂಗ ಮಾಡೂದು. ತಾ ಎಣ್ಣಿ, ಸವರಿಬಿಡೋಣ. ನಾಳೆ ಬೆಣ್ಯಾಗಿನ ಕೂದಲು ತಗದಂಗ ಬರ್ತದ."

"ಮೀ ಇಲ್ಲು, ಮೀ ಇಷ್ಟಂ" ಅಂದ. ನಿಮ್ಮ ಮನೆ, ನಿಮ್ಮ ಮರ್ಜಿ. ಅಂದವನೇ ಮುಂದಿನ ಬುಟ್ಟಿಗೆ ಕೈ ಚಾಚಿದ.

ಕಾಂಕ್ರೀಟು ಹಂಡೆಯ ಸುತ್ತ ಬಿತ್ತು. ಸಳಿಯಿಂದ ಕುಕ್ಕಿ ಕುಕ್ಕಿ ಸಂದುಗೊಂದಿಗೆಲ್ಲ ಇಳಿಸಿದರು. ನಾನು ತೆಂಗಿನಕಾಯಿ ಒಡೆದು ಎಲ್ಲರಿಗೂ ಪೇಢೆ ಹಂಚಿದೆ. ಗುಮ್ಮಟ ಕಟ್ಟಿದ್ದು ಅಂದೆನಲ್ಲ, ಅದು ಇದೇ.

ಮರುದಿನ ಸ್ಲ್ಯಾಬಿನ ಮೇಲೆ ನೀರು ನಿಲ್ಲಿಸಲು ಮಣ್ಣಿನ ಬದು ಕಟ್ಟುತ್ತಿದ್ದರು. ನಾನು ಪಂಚೆ ಎತ್ತಿ ಕಟ್ಟಿ ಹಂಡೆಗೆ ಕೈ ಹಾಕಿದೆ. ಮೇಲಕ್ಕೆ ಎಳೆದೆ. ಎಡಕ್ಕೆ ತಿರುವಿದೆ. ಬಲಕ್ಕೆ ತಿರುವಿದೆ. ಹಂಡೆಯನ್ನು ಬಿಡಿ, ನನ್ನ ಬೆನ್ನಿನಲ್ಲಿ ಏನೋ ಟಕ್ ಅಂದಿತು. ಅಮರೇಶಪ್ಪನವರನ್ನು ಕರೆದೆ. ಇಬ್ಬರೂ ಎರಡು ಕಡೆ ಅಪ್ಪಿ ಹಿಡಿದು ಜಗ್ಗಿದೆವು. ದೂರದಿಂದ ನೋಡಿದವರಿಗೆ ಅಗಲಿದ ಅಣ್ಣತಮ್ಮಂದಿರು ಕೂಡಿಕೊಂಡಂತೆ ಕಂಡಿರಬೇಕು.

"ರಾಯರ, ಇದು ಬರಾಂಗಿಲ್ಲ ನೋಡ್ರಿ" ಅಂದರು ಅಮರೇಶಪ್ಪನವರು, ಏದುಸಿರು ಬಿಡುತ್ತ.

"ಬರ್ತದ. ಸ್ವಲ್ಪ ನಾಚಿಕಿ ಸ್ವಭಾವ ಅದರದು."

"ನಾಚಿಕಿ ಅಲ್ರಿ. ಕೆಳಗ ಬಾಯಿ ಅಗಲ ಐತಿ, ಮ್ಯಾಲೆ ಹೊಟ್ಟಿ ಅಗಲ ಐತಿ, ನಡುವ ಕುತ್ತಿಗಿ ಸಣ್ಣದೈತಿ. ಕಾಂಕ್ರೀಟು ಆ ಕುತ್ತಿಗಿ ಹಿಡದು ಕುಂತೈತಿ. ಮ್ಯಾಲೂ ಬರಾಂಗಿಲ್ಲ, ಕೆಳಗೂ ಹೋಗಾಂಗಿಲ್ಲ." ಆಮೇಲೆ ಭಾಳ ಮರ್ಯಾದೆಯಿಂದ ಕೇಳಿದರು. "ಇದೂ ಆಫೀಸಿನ ಪದ್ಧತಿ ಏನ್ರಿ?"

ಒಂದನ್ನೊಂದು ಅಪ್ಪಿ ಹಿಡಿದರೆ ಬಿಡುವ ಮಾತಿಲ್ಲ ಅಂತ ನೂರು ಪಂಕ್ತಿಯಲ್ಲಿ ಪಾಠ ಹೇಳಿದವ ನಾನು. ಕಾಂಕ್ರೀಟಿಗೆ ಕಬ್ಬಿಣವೇನು ತಾಮ್ರವೇನು, ಸಿಕ್ಕ ಕುತ್ತಿಗೆ ಅದು ಬಿಡುವುದಿಲ್ಲ. ಕುತ್ತಿಗೆಗೆ ಎಣ್ಣೆ ಸವರಿದರೆ ಉರುಲು ಸಡಿಲಾಗುತ್ತದೆಯೇ?

ಸೆಂಟ್ರಿಂಗ್ ಬಿಚ್ಚಿದ ದಿನ ಕೆಳಗೆ ಒಲೆಯ ಜಾಗದಲ್ಲಿ ನಿಂತು ಕತ್ತೆತ್ತಿ ನೋಡಿದೆ. ಬೆಳಕಿಂಡಿಯ ಜಾಗದಲ್ಲಿ ಒಂದು ತಾಮ್ರದ ಬಾಯಿ ನನ್ನನ್ನು ನೋಡಿ ಆಕಳಿಸುತ್ತಿತ್ತು. ಒಳಗೆಲ್ಲ ಕತ್ತಲೆ, ತಳ ಮೇಲಿತ್ತಲ್ಲ. ಯಾದಗಿರಿ ಎರಡು ದಾರಿ ಹೇಳಿದ. ಸುತ್ತಲಿನ ಸ್ಲ್ಯಾಬ್ ಒಡೆಯಬೇಕು, ಇಲ್ಲವೇ ಹಂಡೆಯ ಕುತ್ತಿಗೆ ಕೊಯ್ಯಬೇಕು. ಸ್ಲ್ಯಾಬ್ ಒಡೆದರೆ ಮನೆಗೇನೂ ಆಗುವುದಿಲ್ಲ, ಅಡಿಗೆಮನೆ ಪಾಲಿನದನ್ನು ಮತ್ತೆ ಹಾಕಬಹುದು ಅಂದ. ನನಗೋ, ಒಡೆದರೆ ಇಡೀ ಲೇಔಟಿಗೇ ಸುದ್ದಿಯಾಗುತ್ತದೆ ಅನ್ನುವ ಚಿಂತೆ. "ನೀ ಸುಮ್ಮನಿರು, ಇದು ಟೆಕ್ನಿಕಲ್ ವಿಷಯ" ಅಂತ ಅವನ ಬಾಯಿ ಮುಚ್ಚಿಸಿದೆ.

ನಾನು ಮೂರನೆಯ ದಾರಿ ಹುಡುಕಿದೆ. ಮಾಳಿಗೆಯ ಮೇಲೆ ಉಬ್ಬಿ ನಿಂತಿದ್ದ ಹಂಡೆಯ ಸುತ್ತ ಇಟ್ಟಿಗೆ ಕಟ್ಟಿಸಿ, ಪ್ಲಾಸ್ಟರ್ ಮಾಡಿಸಿ, ಸುಣ್ಣ ಬಳಿಸಿ, ನೆತ್ತಿಯ ಮೇಲೆ ಮಣ್ಣು ತುಂಬಿಸಿ ತುಳಸಿ ನೆಟ್ಟೆ. ಬೃಂದಾವನ! ಎದುರಿಗೆ ದೀಪ ಇಡುವ ಒಂದು ಗೂಡು. ಇಟ್ಟಿಗೆ ಸಾಲದೆ ಗೂಡಿನ ಹಿಂಗೋಡೆಗೆ ಹಂಡೆಯ ತಾಮ್ರವೇ ಉಳಿಯಿತು, ಅದಕ್ಕೆ ಕೆಮ್ಮಣ್ಣು ಬಳಿದೆ. ಕೆಳಗೆ ಅಡಿಗೆಮನೆಯಲ್ಲಿ ಹಂಡೆಯ ಬಾಯಿಗೆ ಒಂದು ಹಲಗೆ ಹೊಡೆಸಿ ಬಿಳಿ ಬಣ್ಣ ಹಚ್ಚಿದೆ. ಆಂಧ್ರಪ್ರದೇಶದಲ್ಲೇ ಇಂಥ ಮುಚ್ಚುಮರೆ ಯಾರೂ ಮಾಡಿರಲಿಕ್ಕಿಲ್ಲ. ಮಾಡಿದ್ದರೂ ನಮಗೆ ಗೊತ್ತಾಗುವುದಾದರೂ ಹೇಗೆ?

ಹೊಸ ಮನೆಗೆ ಬಂದೆವು. ದಿನ ತುಂಬುವ ಹೊತ್ತಿಗೆ ಅತ್ತೆ ಬಂದರು. ಕಾಲು ತೊಳೆದವರೇ ಅಡಿಗೆಮನೆಗೆ ಹೋಗಿ ಕತ್ತೆತ್ತಿದರು.

"ಅಳಿಯಂದ್ರ, ಬೆಳಕಿಂಡಿ ಎಲ್ಲದ?"

"ಅಲ್ಲೇ ಅದ ಅತ್ಯಾರ, ಹಲಗಿ ಹಿಂದ. ಸ್ಲ್ಯಾಬ್ ಅಂದರ ಹಸಿ ಬಾಣಂತಿ ಇದ್ದಂಗ. ಆರು ತಿಂಗಳು ಗಾಳಿ ಬಡೀಬಾರದು. ಆಮ್ಯಾಲೆ ತಗೀತೀನಿ."

ಅತ್ತೆ ಬಾಣಂತನ ಮಾಡಿ ಪಳಗಿದವರು, ಆ ಮಾತು ನಾಟಿತು. "ಹೌದು ಬಿಡ್ರಿ, ಗಾಳಿ ಬಡೀಬಾರದು" ಅಂದರು. ನಾನು ಮೀಸೆ ತಿರುವುವಷ್ಟರಲ್ಲಿ ಮತ್ತೊಂದು ಬಂತು.

"ನನ್ನ ಹಂಡೆ?"

"ಕಲಾಯಿಗೆ ಕೊಟ್ಟೀನ್ರಿ."

"ಮೈತೊಳಿಯೂ ನೀರಿನ ಹಂಡೇಕ ಕಲಾಯಿ ಯಾವ ಊರಾಗ ಹಾಕ್ತಾರ?"

"ಹೈದರಾಬಾದಿನಾಗ ಹಾಕ್ತಾರ. ಇಲ್ಲಿ ಪದ್ಧತಿ ಬ್ಯಾರೆ."

"ತೊಟ್ಟಲದಾಗ ಹಾಕೂ ದಿನದ ಒಳಗ ತರ್ರಿ" ಅಂದರು. ಅಷ್ಟೇ ಅಂದರು. ಆದರೆ ಅವರು ಹಾಗೆ ಅಂದರೆ ಮುಗಿಯಿತು, ರಾಯಚೂರಿನ ಕೋಟೆ ಬಾಗಿಲು ಹಾಕಿದ ಹಾಗೆ.

ಹೆಣ್ಣುಕೂಸು ಹುಟ್ಟಿತು. ಹಂಡೆಗೆ ಮುಂದಿನ ಒಡತಿ ಬಂದಳು, ಹಂಡೆಯೇ ಇಲ್ಲ. ದವಾಖಾನೆಯಿಂದ ಮನೆಗೆ ಬಂದ ದಿನ ಅತ್ತೆ ಡಾಲ್ಡಾ ಡಬ್ಬಿಯಲ್ಲಿ ನೀರು ಕಾಯಿಸಿದರು. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಅದಕ್ಕೇ ಹೇಳುತ್ತಿದ್ದರು. "ನಿಮ್ಮಪ್ಪ ಭಾಳ ದೊಡ್ಡ ಮನಿಶಾ ಅಂತ, ಡಾಲ್ಡಾ ಡಬ್ಬಿ ನೀರು ಹಾಕಸ್ಕೋ. ನಿಮ್ಮ ಮುತ್ತಜ್ಜಿ ನೋಡಿದ್ದರ ಏನಂತಿದ್ದಳೋ." ಕೂಸು ಅತ್ತಿತು. ನನಗೆ ಕೇಳಲಿ ಅಂತಲೇ ಅತ್ತಂತಿತ್ತು.

ದಿನಕ್ಕೊಂದು ಸುಳ್ಳು ಹೆರುವುದು ನನ್ನ ಪಾಳಿ. ಕಲಾಯಿಯವನಿಗೆ ಜ್ವರ. ಕಲಾಯಿಯವನ ಮನೆಯಲ್ಲಿ ಮದುವೆ. ನಮ್ಮ ಹಂಡೆಯ ಹೊಳಪು ನೋಡಿ ಬೀಗರು ಅಲ್ಲಿಂದ ಏಳುತ್ತಲೇ ಇಲ್ಲ. ಮಂದಾಕಿನಿ ಬಾಣಂತಿ ಕೋಣೆಯಿಂದ ಒಂದು ದಿನ ಕರೆದು "ಖರೇ ಹೇಳ್ರಿ, ಮಾರಿ ಬಿಟ್ಟೀರೇನು?" ಅಂತ ಕೇಳಿದಳು. "ಛೇ, ಹಂಡೆ ಈ ಮನಿಗೆ ಭಾಳ ಹತ್ತಿರದಾಗ ಅದ" ಅಂದೆ. ಆ ತಿಂಗಳಿನಲ್ಲಿ ನಾನು ಆಡಿದ ಒಂದೇ ನಿಜ ಅದು.

ಇಷ್ಟರಲ್ಲಿ ತುಳಸಿ ಹಾಡಲು ಶುರುಮಾಡಿತು.

ಅತ್ತೆ ಮುಂಜಾನೆ ಪಂಪ್ ಸ್ಟೋ ಹಚ್ಚಿ, ಹಾಲು ಇಟ್ಟು, ಹೊರಗಿನ ಮೆಟ್ಟಿಲು ಹತ್ತಿ ಮಾಳಿಗೆಗೆ ಹೋಗಿ ತುಳಸಿಗೆ ಪ್ರದಕ್ಷಿಣೆ ಹಾಕುತ್ತಿದ್ದರು. ಗೂಡಿನಲ್ಲಿ ದೀಪ ಇಡಲು ಬಗ್ಗಿದಾಗ ಒಳಗಿನಿಂದ ಗುಂಯ್ ಅಂತ ನಾದ. ಕೆಳಗೆ ಬರ್ರೆಂದು ಉರಿಯುವ ಸ್ಟೋವಿನ ಸದ್ದು ಹಲಗೆ ದಾಟಿ ಹಂಡೆ ತುಂಬಿ ಮೇಲೆ ಬರುತ್ತಿತ್ತು. ಅತ್ತೆಗೆ ಅದು ಹೇಗೆ ಗೊತ್ತಾಗಬೇಕು? ಕಣ್ಣಲ್ಲಿ ನೀರು ತುಂಬಿಕೊಂಡು ಕೆಳಗಿಳಿದರು.

"ಅಳಿಯಂದ್ರ, ತುಳಸವ್ವ ಓಂಕಾರ ಹೇಳ್ಲಿಕ್ಕೆ ಹತ್ಯಾಳ."

ಬುದ್ಧಿ ಇದ್ದವನಾದರೆ ಅಲ್ಲೇ ಬಾಯಿ ಮುಚ್ಚಿಕೊಳ್ಳುತ್ತಿದ್ದ. ನಾನು ಕೈ ಜೋಡಿಸಿ "ನಾ ಪಾಯಾದಾಗ ಮಂತ್ರ ಹಾಕಿ ಕಟ್ಟಿಸೀನಿ ಅತ್ಯಾರ. ಆರ್‌ಸಿಸಿ ಒಳಗ ಮಂತ್ರ ಹಿಡದು ನಿಂದರಸೂದು ಎಲ್ಲಾರಿಗೂ ಬರೂದಿಲ್ಲ" ಅಂದೆ. ಲೇಔಟಿನ ಹೆಂಗಸರಿಗೆಲ್ಲ ಸುದ್ದಿ ಹೋಯಿತು. ಸಂಜೆ ದೀಪದ ಹೊತ್ತಿಗೆ ಕನ್ನಡದವರು, ತೆಲುಗಿನವರು, ಮರಾಠಿಯವರು ಗೂಡಿಗೆ ಕಿವಿಯಿಟ್ಟು ನಿಲ್ಲತೊಡಗಿದರು. ಅಮರೇಶಪ್ಪನವರ ಮನೆಯವರೂ ಬಂದರು. ಅಮರೇಶಪ್ಪನವರು ಮಾತ್ರ ಬೃಂದಾವನವನ್ನು ಒಂದು ಸುತ್ತು ಹಾಕಿ, ಅದರ ದಪ್ಪ ನೋಡಿ, ನನ್ನ ಮುಖ ನೋಡಿ, "ಹೌದೇನ್ರಿ ರಾಯರ?" ಅಂದು ಹೋದರು. ಅವರಿಗೆ ಗೊತ್ತಿತ್ತು. ಹೇಳಲಿಲ್ಲ. ಒಳ್ಳೆಯವರು ಅಂದೆನಲ್ಲ.

ತೊಟ್ಟಿಲು ನಾಳೆ ಅನ್ನುವ ದಿನ ಸಂಜೆ ಅತ್ತೆ ನನ್ನೆದುರಿಗೆ ಬಂದು ನಿಂತರು. "ನಾಳೆ ಮುಂಜಾನೆ ಹಂಡೆ ಇಲ್ಲಂದ್ರ ನಾನ ಕಲಾಯಿಯವನ ಮನಿಗೆ ಹೋಗ್ತೀನಿ. ಹಾದಿ ಹೇಳ್ರಿ" ಅಂದು, ಆರತಿ ತಟ್ಟೆ ಹಿಡಿದು ಹೆಂಗಸರ ಜೊತೆ ಮಾಳಿಗೆ ಹತ್ತಿದರು.

ಆ ಮನೆಗೆ ಹಾದಿ ಎಲ್ಲಿಂದ ತರಲಿ? ನಾನು ಮೊದಲೇ ಹೇಳಿಕಳಿಸಿದ್ದ ಯಾದಗಿರಿ ಹಿತ್ತಲ ಬಾಗಿಲಿನಿಂದ ಗರಗಸ ಹಿಡಿದು ಬಂದ. ಅವನದು ಮಹಬೂಬನಗರದ ಕಡೆ, ರಾಯಚೂರಿಗೆ ಹತ್ತಿರ, ಕನ್ನಡ ಚೆನ್ನಾಗಿ ತಿಳಿಯುತ್ತಿತ್ತು. ಸ್ಟೂಲ್ ಹಾಕಿ ಹಲಗೆ ಬಿಚ್ಚಿದೆವು. ನಾನು ಸ್ಟೂಲಿನ ಮೇಲೆ ನಿಂತು ಹಂಡೆಯ ಬಾಯೊಳಗೆ ತಲೆ ತೂರಿಸಿ ಅಳತೆ ನೋಡುತ್ತ ಹೇಳಿದೆ.

"ನಾಳೆ ನಸುಕಿನ್ಯಾಗ ಬಾ. ಮುದುಕಿ ಕೂಸಿನ ಕೆಲಸದಾಗ ಇರ್ತಾಳ. ಗಪ್ಪನ ಕುತ್ತಿಗಿ ಕೊಯ್ದು ಬಿಡು. ಹೊಟ್ಟಿ ಮ್ಯಾಲಿನಿಂದ ಬಿಡಸೋಣ, ಬ್ಯಾರೆ ಕುತ್ತಿಗಿ ಬೆಸಸೋಣ. ಮುದುಕಿಗೆ ಸುಳುವು ಹತ್ತಬಾರದು."

ಮೇಲೆ ಆರತಿ ತಟ್ಟೆ ಬಿದ್ದ ಸದ್ದಾಯಿತು. ಯಾರೋ "ಅಯ್ಯಮ್ಮೋ!" ಅಂದರು. ಗೂಡಿಗೆ ಕಿವಿಯಿಟ್ಟಿದ್ದವರಿಗೆ ತುಳಸಿ ಓಂಕಾರ ಬಿಟ್ಟು ಕುತ್ತಿಗೆ ಕೊಯ್ಯುವ ಮಾತಾಡಿತ್ತು, ಅದೂ ಗಂಡುದನಿಯಲ್ಲಿ. ಆಮೇಲೆ ನನ್ನ ನೆತ್ತಿಯ ಮೇಲೆ, ಹಂಡೆಯ ಒಳಗಿನಿಂದ, ಅತ್ತೆಯ ದನಿ ಇಳಿಯಿತು.

"ಅಳಿಯಂದ್ರ, ಮುದುಕಿಗೆ ಸುಳುವು ಹತ್ತೇದ."

ಎಂಥವನಿಗೂ ಅಲ್ಲಿಗೆ ಸಾಕಾಗುತ್ತಿತ್ತು. ನಾನು ಗಂಟಲು ಸಣ್ಣ ಮಾಡಿ, "ನಾನು... ತುಳಸೀ... ಮಾತಾಡ್ತೀನೀ..." ಅಂತ ರಾಗ ಎಳೆದೆ. ಹಂಡೆಯೊಳಗಿನ ಧೂಳು ಮೂಗಿಗೆ ಹೋಗಿ ಒಂದು ಸೀನು ಬಂತು. ತಾಮ್ರದೊಳಗೆ ಅದು ತೋಪು ಹಾರಿಸಿದ ಹಾಗೆ ಕೇಳಿಸಿತು.

"ತುಳಸವ್ವ, ನೆಗಡಿ ಆಗೇದೇನು? ತಡೀ, ಕಷಾಯ ತರ್ತೀನಿ" ಅಂದರು ಮೇಲಿನಿಂದ. ಯಾದಗಿರಿ ನಗು ತಡೆಯಲಾರದೆ ಗೋಡೆ ಹಿಡಿದು ಕೂತ.

ಅತ್ತೆ ಕೆಳಗಿಳಿದು ಬಂದರು. ಸೆರಗು ಸಿಕ್ಕಿಸಿ, ನನ್ನನ್ನು ಪಕ್ಕಕ್ಕೆ ಸರಿಸಿ, ತಾವೇ ಸ್ಟೂಲ್ ಹತ್ತಿದರು. ಹಂಡೆಯ ಬಾಯಿಯ ಸುತ್ತ ಕೈ ಆಡಿಸಿದರು. ಅಂಚಿನಲ್ಲಿ ಒಂದು ಕಡೆ ಬೆರಳು ನಿಂತಿತು. ನಮ್ಮ ಕಡೆ ಪಾತ್ರೆಗೆ ಚುಕ್ಕೆ ಹೊಡೆಸಿ ಹೆಸರು ಹಾಕಿಸುತ್ತಾರೆ. ಅದು ಗೋದಾವರಿಬಾಯಿಯವರ ಹೆಸರು. ಹಲಗೆ ಹೊಡೆಸುವ ಮುಂಚೆ ನಾನು ಅದಕ್ಕೂ ಸುಣ್ಣ ಬಳಿಸಿ ಮುಚ್ಚಿದ್ದೆ. ಅತ್ತೆ ಉಗುರಿನಿಂದ ಸುಣ್ಣ ಕೆರೆದು ಕೆರೆದು ಒಂದೊಂದೇ ಅಕ್ಷರ ಬಿಡಿಸಿದರು. ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಮಂದಾಕಿನಿ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. ಮೇಲೆ ನೋಡಿದಳು, ನನ್ನನ್ನು ನೋಡಿದಳು. "ಭಾಳ ಹತ್ತಿರದಾಗ ಅದ ಅಂದಿದ್ರಿ. ಹೌದು ನೋಡ್ರಿ" ಅಂದಳು.

ಅತ್ತೆ ಸ್ಟೂಲಿನಿಂದ ಇಳಿದರು. "ಕುತ್ತಿಗಿ ಕೊಯ್ದರ ಈ ಹೆಸರು ಹೋಗ್ತದಲ್ಲಾ?"

"ಹೋಗ್ತದ ಅತ್ಯಾರ."

"ಕೊಯ್ಯದ ಬಿಡಸಬೇಕಂದ್ರ?"

"ಸ್ಲ್ಯಾಬ್ ಒಡೀಬೇಕು."

"ಒಡದರ ಏನಾಗ್ತದ?"

ನಾನು ಎದೆ ಸೆಟೆಸಿದೆ. ಹಳೆಯ ಚಾಳಿ, ಸಾಯುವಾಗಲೂ ಸೆಟೆಯುತ್ತದೇನೋ. "ಆಗೂದು ಹೋಗೂದು ಅಲ್ರಿ, ಇಡೀ ಮನಿ ಕುಸೀತದ. ಸಳಿ ಎಲ್ಲಾ ಒಂದಕ್ಕೊಂದು ಹಿಡಕೊಂಡಿರ್ತಾವ. ಒಂದು ಕಡೆ ಒಡದರ ಎಲ್ಲಾ ಕಡೆ ಬಿಡ್ತದ. ಇದು ಇಂಜಿನಿಯರಿಂಗ್ ಮಾತು."

ಅತ್ತೆ ಯಾದಗಿರಿಯ ಕಡೆ ತಿರುಗಿದರು. ಅವನು ತಲೆ ಕೆರೆದುಕೊಂಡು "ಸಾರ್ ಹೇಳಿದಂಗ" ಅಂದ. ಅವನ ಬಾಯಿ ಮುಚ್ಚಿಸಿದವನು ನಾನೇ ಅಲ್ಲವೇ?

ಅತ್ತೆ ಮತ್ತೊಮ್ಮೆ ಕತ್ತೆತ್ತಿ ಆ ಹೆಸರು ನೋಡಿದರು. ಆಮೇಲೆ ಮಗಳ ಕೈಯಿಂದ ಕೂಸನ್ನು ತಗೊಂಡು ಹೆಗಲಿಗೆ ಹಾಕಿಕೊಂಡರು. "ಅಳಿಯಂದ್ರ, ನೀವು ಸುಳ್ಳು ಭಾಳ ಹೇಳ್ತೀರಿ, ನನಗ ಗೊತ್ತದ. ಕಲಾಯಿ ಸುಳ್ಳು, ಸ್ಲ್ಯಾಬಿಗೆ ಗಾಳಿ ಬಡೀಬಾರದು ಅನ್ನೂದು ಸುಳ್ಳು. ಆದರ ನೀವು ಇಂಜಿನಿಯರ್ ಇದ್ದೀರಿ. ಮನಿ ವಿಷಯದಾಗ ಇಂಜಿನಿಯರ್ ಸುಳ್ಳು ಹೇಳಬಾರದು. ಕೂಸು ಈ ಮಾಳಿಗಿ ಬುಡಕ ಮಲಗ್ತದ. ಹಂಡೆಕ್ಕಿಂತಾ ಕೂಸು ದೊಡ್ಡದು. ಒಡದರ ಮನಿ ಬೀಳ್ತದ ಅಂತ ಇಂಜಿನಿಯರ್ ಆಗಿ ಇನ್ನೊಂದು ಸಲ ಹೇಳಿಬಿಡ್ರಿ. ನಾ ಈಗಿಂದೀಗ ಕೊಯ್ಯಲಿಕ್ಕೆ ಹೇಳ್ತೀನಿ. ನಮ್ಮವ್ವನ ಹೆಸರು ಹೋದರ ಹೋತು."

ಯಾದಗಿರಿ ಗರಗಸ ಎತ್ತಿಕೊಂಡ. ಮಂದಾಕಿನಿ ನನ್ನನ್ನೇ ನೋಡುತ್ತಿದ್ದಳು. ಮೇಲೆ ಹೆಂಗಸರು ಇನ್ನೂ ಇಳಿದಿರಲಿಲ್ಲ. ಗೂಡಿಗೆ ಎಷ್ಟು ಕಿವಿ ಹತ್ತಿದ್ದವೋ, ಒಂದು ಬಳೆಯ ಸದ್ದೂ ಇಲ್ಲ. ಹೌದು ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಇಂಜಿನಿಯರ್ ಆಗಿ ಉಳಿಯುತ್ತಿದ್ದೆ, ಅವಲಕ್ಕಿ ಅರಗುತ್ತಿತ್ತು, ಮಾನ ಉಳಿಯುತ್ತಿತ್ತು. ಬಾಯಿ ತೆರೆದೆ. ಜೀವಮಾನದಲ್ಲಿ ಮೊದಲನೆಯ ಸಲ ಸುಳ್ಳು ಹೊರಗೆ ಬರಲಿಲ್ಲ. ಅದರ ಕುತ್ತಿಗೆಯನ್ನೂ ಯಾರೋ ಹಿಡಿದಿದ್ದರು.

"ಅತ್ಯಾರ, ನಾ ಇಂಜಿನಿಯರ್ ಅಲ್ಲ."

ಅತ್ತೆ ಕೂಸಿನ ಬೆನ್ನು ತಟ್ಟುವುದನ್ನು ನಿಲ್ಲಿಸಿದರು.

"ಕಾರಕೂನ. ಪೆನ್ಸಿಲ್ ಕಪಾಟಿನ ಕಾರಕೂನ. ಆರ್‌ಸಿಸಿ ಬಗ್ಗೆ ನನಗ ಗೊತ್ತಿದ್ದದ್ದು ಬ್ಯಾರೆಯವರು ಮಾತಾಡೂದು ಕೇಳಿದ್ದು. ಸ್ಲ್ಯಾಬ್ ಒಡದರ ಮನಿಗೆ ಏನೂ ಆಗೂದಿಲ್ಲ ಅಂತ ಯಾದಗಿರಿ ಅಂದೇ ಹೇಳಿದ್ದ. ಮಂದಿ ನಗತಾರ ಅಂತ ನಾ ಅವನ ಬಾಯಿ ಮುಚ್ಚಿಸಿದೆ. ಡಬ್ಬಿ ಮಾಡಸೂದು ಮರತಿದ್ದೆ. ಮರತೀನಿ ಅಂತ ಹೇಳೂದಕ ನಾಚಿಕಿ ಆತು, ಅದಕ್ಕ ಕೈಗೆ ಸಿಕ್ಕ ನಿಮ್ಮ ಹಂಡೆ ಬೋರಲು ಹಾಕಿದೆ. ಹಾಕೂಮುಂದ ಅದಕ್ಕ ಕುತ್ತಿಗಿ ಅದ ಅನ್ನೂದನ್ನ ಸುದ್ಧಾ ನಾ ನೋಡಲಿಲ್ಲ. ಮಂತ್ರ ಗಿಂತ್ರ ಏನೂ ಹಾಕಿಲ್ಲ. ತುಳಸಿ ಗುಂಯ್ ಅಂದದ್ದು ನಿಮ್ಮ ಸ್ಟೋವಿನ ಸದ್ದು. ನಾ ಕಟ್ಟಿದ್ದು ಏನೂ ಇಲ್ಲ ಅತ್ಯಾರ. ಒಂದು ಹಂಡೆ ಹುಗದೀನಿ, ಅಷ್ಟ. ಸ್ಲ್ಯಾಬ್ ಒಡೀಲಿ."